ವಿಮಾನಕ್ಕ ಕಟ್ಟಿದ ನಿಂಬಿಹಣ್ಣು

ನನ್ನ ಮೊಮ್ಮಗಳ ವಿಮಾನದ ಸುದ್ದಿ ಮಸ್ಕಿಯಲ್ಲಿ ಕಂಡಕಂಡವರಿಗೆಲ್ಲ ಹೇಳಿದೆ. ಆದರೂ ಸಮಾಧಾನ ಆಗವಲ್ದು. ಅದಕ್ಕೇ ಬರೆಯಾಕ ಕುಂತೀನಿ. ನನ್ನ ಓದು ನಾಲ್ಕನೇ ಇಯತ್ತೆಗೇ ನಿಂತದ್ದು, ತಪ್ಪಿದ್ದರೆ ಹೊಟ್ಟೆಗೆ ಹಾಕ್ಕೊಳ್ರಿ.

ಮನೆಯಲ್ಲಿ ಅರಳು ಹುರಿದಂತೆ ಮಾತಾಡುವ ಹುಡುಗಿ, ನಾಲ್ಕು ಮಂದಿ ಕಂಡರೆ ಬಾಯಿಗೆ ಬೀಗ. ಹೋದ ವರ್ಷ ವಿಜ್ಞಾನ ಪ್ರದರ್ಶನದಲ್ಲಿ ಒಂದಕ್ಷರ ಆಡದೆ ಅಳುತ್ತ ಬಂದಿದ್ದಳು. ಈ ವರ್ಷ ತಾನೇ ಹೆಸರು ಕೊಟ್ಟಳು.

"ಮುತ್ಯಾ, ಈ ಸಲಾನೂ ಮಾತು ಬರಲಿಲ್ಲಂದ್ರ ಇನ್ನ ಯಾವತ್ತೂ ಸ್ಟೇಜ್ ಹತ್ತಂಗಿಲ್ಲ ನೋಡು."

ಆಕೆ ಆರಿಸಿಕೊಂಡದ್ದು ಹಳೇ ಕಾಲದ ಯುದ್ಧವಿಮಾನ. ಸಮುದ್ರದಲ್ಲಿ ಹಡಗಿನ ಮೇಲಿಂದಲೇ ಹಾರುವ ಡೈವ್ ಬಾಂಬರ್. ನಾನು ಸಂತೆಕಲ್ಲೂರಿನ ಹೊಲದಿಂದ ಜೋಳದ ದಂಟು ತಂದೆ. ಸಣ್ಣವರಿದ್ದಾಗ ದಂಟಿನೊಳಗಿನ ಬೆಂಡಿಗೆ ಮೇಲಿನ ಸಿಪ್ಪೆ ಚುಚ್ಚಿ ಬಂಡಿ ಮಾಡುತ್ತಿದ್ದೆವು. ಹಾಗೇ ಇಬ್ಬರೂ ಕೂತು ವಿಮಾನ ಕಟ್ಟಿದೆವು.

"ರೆಕ್ಕಿ ಯಾಕ ಮಡಚತಾವ ಬೇ?"

"ಹಡಗಿನಾಗ ಜಾಗ ಕಡಿಮಿ, ಮುತ್ಯಾ. ಮಡಚಿ ಒಳಗ ಇಡತಾರ."

"ರೆಕ್ಕಿ ಹಿಂದಿನ ಈ ಹಲಗಿಗೆ ಇಷ್ಟು ತೂತು? ಜರಡಿ ಆತಲ್ಲ!"

"ಅದು ಬ್ರೇಕು. ಮ್ಯಾಲ ಹಾರಿಕೋತ ಬಾಂಬ್ ಒಗದ್ರ, ಅದು ಬೀಳೂದ್ರಾಗ ಕೆಳಗಿನ ವೈರಿ ಹಡಗು ಸರದು ಹೋಗಿರತೈತಿ. ಅದಕ್ಕ ಹದ್ದಿನಂಗ ತಲಿಕೆಳಗಾಗಿ ಎರಗಬೇಕು. ಬ್ರೇಕ್ ಇಲ್ಲಂದ್ರ ಸೀದಾ ನೀರಿಗೇ."

"ಒಳಗ ಕುಂತಾವನ ಗತಿ?"

"ಬಾಂಬ್ ಬಿಟ್ಟು ಮೂತಿ ಎತ್ತಬೇಕು. ತನ್ನ ಹಡಗು ಹುಡುಕಿ ಬಂದು, ಬಾಲದ ಕೊಕ್ಕಿ ಹಡಗಿನ ಮ್ಯಾಲ ಬಿಗಿದ ತಂತಿಗೆ ಸಿಗಿಸಿ ನಿಲ್ಲಬೇಕು. ಭಾಳ ಮಂದಿ ತಿರುಗಿ ಬರಲೇ ಇಲ್ಲ, ಮುತ್ಯಾ."

ಆ ಮಾತು ನನ್ನ ಎದೆಯಲ್ಲೇ ಕೂತಿತು. ಮೇಲಿದ್ದವನೂ ಒಬ್ಬ ತಾಯಿಯ ಮಗ, ಕೆಳಗಿನ ಹಡಗಿನವರೂ ಹಂಗೇ.

ಪ್ರದರ್ಶನದ ದಿನ ಅಮಾವಾಸ್ಯೆ. ನಮ್ಮಲ್ಲಿ ಅವತ್ತು ಯಾವ ಗಾಡಿಯೂ ನಿಂಬಿಹಣ್ಣು, ಮೆಣಸಿನಕಾಯಿ ಕಟ್ಟದೆ ಮನೆ ಮುಂದಿಂದ ಕದಲುವುದಿಲ್ಲ. ಟ್ರ್ಯಾಕ್ಟರಿಗೆ ಕಟ್ಟಿದೆ. ಕೈ ತಡೆಯಲಿಲ್ಲ, ವಿಮಾನದ ಹೊಟ್ಟೆಗೂ ಒಂದು ಸಣ್ಣದು ಕಟ್ಟಿ ಡಬ್ಬಿಯೊಳಗಿಟ್ಟೆ. ಆಕೆಗೆ ಹೇಳುವುದು ಬಸ್ಸಿನ ಗಡಿಬಿಡಿಯಲ್ಲಿ ಮರೆತೇಹೋಯಿತು.

ಲಿಂಗಸುಗೂರಿನಲ್ಲಿ ತುಂಬಿದ ಸಭೆಯ ಮುಂದೆ ಡಬ್ಬಿ ತೆಗೆದಳು. ತೀರ್ಪು ಕೊಡುವ ಸರ್ ಬಗ್ಗಿ ನೋಡಿ, "ಏನವ್ವಾ, ನಿಂಬಿಹಣ್ಣಿನ ಬಾಂಬ್ ಏನು?" ಅಂದರು. ಸಭೆ ಗೊಳ್ಳೆಂದಿತು. ಹುಡುಗಿಯ ಮುಖ ಬಿಳಿಚಿತು. ಬಾಯಿಪಾಠ ಮಾಡಿದ್ದೆಲ್ಲ ಹಾರಿಹೋಯಿತೆಂದು ನನಗೆ ಅಲ್ಲಿಂದಲೇ ಗೊತ್ತಾಯಿತು. ಹಿಂದಿನ ಸಾಲಿನಲ್ಲಿ ಕೂತ ನನ್ನ ಕಡೆ ನೋಡಿದಳು. ನಾನು ಟವೆಲು ಬಾಯಿಗೆ ಒತ್ತಿಕೊಂಡೆ.

"ಬಾಂಬ್ ಅಲ್ರೀ ಸರ್," ಅಂದಳು. "ನಮ್ಮ ಮುತ್ಯಾ ಕಟ್ಯಾನ್ರಿ. ಒಳಗ ಕುಂತಾವ ಮನಿಗೆ ತಿರುಗಿ ಬರ್ಲಿ ಅಂತ."

ನಗು ನಿಂತಿತು. ಆಕೆಯ ಮಾತು ನಿಲ್ಲಲಿಲ್ಲ! ರೆಕ್ಕೆ ಮಡಚಿ ತೋರಿಸಿದಳು, ಬ್ರೇಕು, ಕೊಕ್ಕಿ ತೋರಿಸಿದಳು. ಈಗ ದೂರದಿಂದಲೇ ಕ್ಷಿಪಣಿ ಬಿಡುತ್ತಾರೆ, ಹಾಗೆ ಎರಗುವ ವಿಮಾನ ಬೇಕಾಗಿಲ್ಲ ಅಂದಳು. ಗಂಟೆ ಬಾರಿಸಿದರೂ ಹೇಳುತ್ತಲೇ ಇದ್ದಳು. ನನ್ನ ಟವೆಲು ತೊಯ್ದುಹೋಯಿತು.

ಬಹುಮಾನ ಬೇರೆ ಹುಡುಗನಿಗೆ ಹೋಯಿತು, ಹೋಗಲಿ. ಬಸ್ಸಿನಲ್ಲಿ ಬೈದಳು: "ಇನ್ನೊಮ್ಮಿ ನನ್ನ ಕೇಳದ ಏನರ ಕಟ್ಟಿದಿ ಅಂದ್ರ ನೋಡು ಮುತ್ಯಾ!"

ಅಷ್ಟರಲ್ಲಿ ಟಿಕೀಟು ಹರಿಯುತ್ತ ಬಂದ ಕಂಡಕ್ಟರ್ ಆಕೆಯ ತೊಡೆ ಮೇಲಿನ ವಿಮಾನ ನೋಡಿ, "ಏನವ್ವಾ ಇದು?" ಅಂದ.

ಗುರುತಿಲ್ಲದ ಮನುಷ್ಯ. ಆಕೆ ಮೊದಲಿಂದ ಶುರು ಮಾಡಿದಳು.