ಲ್ಯಾಬಕ್ಕನ ಕೊನೆಯ ಮೂರು ಕ್ರೆಡಿಟ್

ರಸಾಯನ ವಿಭಾಗದ ಮೊದಲ ವರ್ಷದ ಪ್ರಯೋಗಾಲಯದಲ್ಲಿ ಮೂವತ್ತೆರಡು ಬೆಂಚುಗಳಿವೆ. ಬೆಳಿಗ್ಗೆ ಎಂಟು ಗಂಟೆಗೆ ಅವುಗಳ ಮೇಲೆ ಏನೂ ಇರುವುದಿಲ್ಲ. ಒಂಬತ್ತರ ಹೊತ್ತಿಗೆ ಪ್ರತಿ ಬೆಂಚಿನ ಮೇಲೂ ಸ್ಟ್ಯಾಂಡಿಗೆ ಸಿಕ್ಕಿಸಿದ ಬ್ಯುರೆಟ್ ಎಂಬ ಅಳತೆಯ ಕೊಳವೆ, ದ್ರಾವಣ ಹೀರುವ ಪಿಪೆಟ್, ಎರಡು ಗಾಜಿನ ಫ್ಲಾಸ್ಕ್, ಚೀಟಿ ಅಂಟಿಸಿದ ಎರಡು ಬಾಟಲಿ, ಒಂದು ಬಿಳಿ ಟೈಲ್ಸ್ ಬಂದು ಕೂತಿರುತ್ತವೆ. ಬಾಟಲಿಗಳ ಚೀಟಿ ಎಲ್ಲವೂ ಬಾಗಿಲ ಕಡೆಗೇ ಮುಖ ಮಾಡಿರುತ್ತವೆ. ಈ ಕೆಲಸವನ್ನು ಇಪ್ಪತ್ತೆರಡು ವರ್ಷಗಳಿಂದ ಮಾಡಿಕೊಂಡು ಬಂದವರನ್ನು ಇಡೀ ಕಟ್ಟಡ ಲ್ಯಾಬಕ್ಕ ಎನ್ನುತ್ತದೆ. ವಿಭಾಗದ ಮುಖ್ಯಸ್ಥರು ಕೂಡ ಕಡತದಲ್ಲಿ ಸಹಿ ಮಾಡುವಾಗ ಮಾತ್ರ ಅವರ ಹೆಸರು ನೆನಪು ಮಾಡಿಕೊಳ್ಳುತ್ತಾರೆ.

ಲ್ಯಾಬಕ್ಕನಿಗೆ ನಲವತ್ತೇಳು ವರ್ಷ. ಹುದ್ದೆ ಸಹಾಯಕಿಯದು. ಅದರ ಮೇಲಿನದು ಮೇಲ್ವಿಚಾರಕರ ಹುದ್ದೆ. ಹತ್ತು ವರ್ಷದ ಹಿಂದೆ ಅದು ಖಾಲಿಯಾದಾಗ ಅವರು ಅರ್ಜಿ ನಮೂನೆ ತರಲು ಹೋಗಿದ್ದರು. ಪದವಿ ಇದೆಯೇ ಎಂದು ಕೇಳಿದರು. ಇಲ್ಲ ಎಂದಾಗ ನಮೂನೆಯನ್ನೇ ಕೊಡಲಿಲ್ಲ. ಮರುವರ್ಷವೇ ಲ್ಯಾಬಕ್ಕ ಅದೇ ವಿಶ್ವವಿದ್ಯಾಲಯದ ಸಂಜೆ ತರಗತಿಗೆ ಸೇರಿದರು. ವಿಷಯ ಇತಿಹಾಸ. ಇತಿಹಾಸವೇ ಯಾಕೆ ಎಂದು ಗಂಡ ಕೇಳಿದ್ದಕ್ಕೆ, "ದಿನವಿಡೀ ಆಸಿಡ್ ವಾಸನೆ ಕುಡೀತೀನಿ, ಸಾಯಂಕಾಲನಾದ್ರೂ ಸತ್ತವರ ಸುದ್ದಿ ಓದ್ತೀನಿ ಬಿಡಿ" ಎಂದಿದ್ದರು.

ಗಂಡ ಮುದ್ರಣಾಲಯದಲ್ಲಿ ಕಾಗದ ಕತ್ತರಿಸುವ ಯಂತ್ರ ನೋಡಿಕೊಳ್ಳುತ್ತಾರೆ. ಮನೆಯಲ್ಲಿ ಇಬ್ಬರೇ. ಒಬ್ಬಳು ಮಗಳು, ಮದುವೆಯಾಗಿ ಅದೇ ಊರಿನ ಇನ್ನೊಂದು ತುದಿಯಲ್ಲಿದ್ದಾಳೆ. ಸಂಜೆ ತರಗತಿ ಇದ್ದ ದಿನ ಗಂಡನೇ ಅಡುಗೆ ಮಾಡಿಡುತ್ತಿದ್ದರು. ಒಂಬತ್ತು ವರ್ಷದಲ್ಲಿ ಅವರ ಅಡುಗೆ ಸುಧಾರಿಸಿತು ಎಂದು ಲ್ಯಾಬಕ್ಕ ಹೇಳುತ್ತಾರೆ. ರೂಢಿಯಾಯಿತು ಎಂದು ಮಗಳು ತಿದ್ದುತ್ತಾಳೆ.

ಆ ವಿಶ್ವವಿದ್ಯಾಲಯದ ಪದವಿಗೆ ನೂರಿಪ್ಪತ್ತು ಕ್ರೆಡಿಟ್ ಬೇಕು. ಅಷ್ಟೂ ಇತಿಹಾಸದ್ದೇ ಆದರೆ ಆಗುವುದಿಲ್ಲ. ಯಾವ ವಿಷಯದವರೇ ಆದರೂ ಸಾಮಾನ್ಯ ಶಿಕ್ಷಣ ಎಂಬ ತಲೆಬರಹದ ಕೆಳಗೆ ಭಾಷೆ, ಗಣಿತ, ಸಮಾಜ, ಕಲೆ ಇವನ್ನೆಲ್ಲ ಇಷ್ಟಿಷ್ಟು ಓದಿರಬೇಕು. ಪ್ರಯೋಗಾಲಯವಿರುವ ಒಂದು ವಿಜ್ಞಾನ ವಿಷಯವೂ ಅದರಲ್ಲಿ ಸೇರಿದೆ. ಅದು ಹಗಲು ಹೊತ್ತು ನಡೆಯುತ್ತಿದ್ದುದರಿಂದ ಲ್ಯಾಬಕ್ಕ ವರ್ಷದಿಂದ ವರ್ಷಕ್ಕೆ ಮುಂದೆ ತಳ್ಳಿದರು. ಕೊನೆಗೆ ವಿನಾಯಿತಿ ಸಿಗುತ್ತದೆಂಬ ನಂಬಿಕೆಯೂ ಇತ್ತು.

ಈ ಸಲ ಮೇಲ್ವಿಚಾರಕರ ಹುದ್ದೆ ಮತ್ತೆ ಖಾಲಿಯಾಗುವ ಸುದ್ದಿ ಬಂತು. ಅರ್ಜಿಯ ಜೊತೆ ಪದವಿ ಪೂರ್ಣವಾಗಿದೆ ಎಂಬ ಪತ್ರ ಇಡಬೇಕು, ಈ ಸೆಮಿಸ್ಟರ್ ಅವಧಿ ಮುಗಿಯುವ ತಿಂಗಳ ಕೊನೆಯೇ ಗಡುವು. ಲ್ಯಾಬಕ್ಕ ಪದವಿ ತಪಾಸಣೆಯ ಗುಮಾಸ್ತರ ಮುಂದೆ ಹೋಗಿ ಕೂತರು. ಗುಮಾಸ್ತರು ಅಂಕಪಟ್ಟಿಯ ಮೇಲೆ ಸ್ಕೇಲ್ ಇಟ್ಟು ಒಂದೊಂದೇ ಸಾಲು ಕೆಳಗಿಳಿಸಿದರು. ನಡುವೆ ಒಂದು ಕಡೆ ಸ್ಕೇಲ್ ನಿಂತಿತು.

"ಇಲ್ಲೊಂದು ಖಾಲಿ ಇದೆಯಲ್ಲಮ್ಮ. ಪ್ರಯೋಗಾಲಯ ಇರೋ ವಿಜ್ಞಾನ. ಮೂರು ಕ್ರೆಡಿಟ್."

"ಸಾರ್, ನಾನು ಇಪ್ಪತ್ತೆರಡು ವರ್ಷದಿಂದ ಪ್ರಯೋಗಾಲಯದಲ್ಲೇ ಇದೀನಿ."

"ಗೊತ್ತಮ್ಮ. ಅದಕ್ಕೆ ಸಂಬಳ ಬಂದಿದೆ, ಕ್ರೆಡಿಟ್ ಬಂದಿಲ್ಲ."

"ನಾನು ಕೈಹಿಡಿದು ಕಲಿಸಿದವರು ಇವತ್ತು ಲೆಕ್ಚರರ್ ಆಗಿದಾರೆ ಸಾರ್."

"ಆಗಿರ್ಲಿ. ಬಾವಿಕಟ್ಟೆ ಮೇಲೆ ಕೂತೋರೂ ನೀರು ಸೇದ್ಕೊಂಡೇ ಕುಡೀಬೇಕು." ಗುಮಾಸ್ತರು ಒಂದು ನಮೂನೆ ತೆಗೆದುಕೊಟ್ಟರು. "ನಾಳೆ ಹೆಸರು ಬರೆಸಿ. ಈ ಅವಧಿಲೇ ಮುಗಿದ್ರೆ ನಿಮ್ಮ ಪತ್ರ ಗಡುವಿನೊಳಗೆ ನಾನೇ ಟೈಪ್ ಮಾಡಿ ಕೊಡ್ತೀನಿ."

ಹೀಗಾಗಿ ಲ್ಯಾಬಕ್ಕ ವಿಭಾಗದ ಅನುಮತಿ ಪಡೆದು, ತಾವೇ ಜೋಡಿಸಿಟ್ಟ ಬೆಂಚಿಗೆ ತಾವೇ ವಿದ್ಯಾರ್ಥಿನಿಯಾಗಿ ಬಂದು ಕೂತರು. ಗುರುವಾರ ಎರಡರಿಂದ ಐದು, ಹದಿನಾಲ್ಕನೇ ಬೆಂಚು. ಎರಡಕ್ಕೆ ಐದು ನಿಮಿಷ ಇರುವಾಗ ಸಹಾಯಕರ ನೀಲಿ ಕೋಟು ತೆಗೆದು ಮೊಳೆಗೆ ಹಾಕಿ, ವಿದ್ಯಾರ್ಥಿಗಳ ಬಿಳಿ ಕೋಟು ತೊಡುತ್ತಿದ್ದರು. ತರಗತಿಯಲ್ಲಿ ಮೂವತ್ತೊಂದು ಜನ. ಲೆಕ್ಕಪತ್ರ ಓದುವವರು, ನಾಟಕ ಓದುವವರು, ಒಬ್ಬಳು ಸಂಗೀತದವಳು. ಯಾರಿಗೂ ರಸಾಯನಶಾಸ್ತ್ರ ಬೇಕಿರಲಿಲ್ಲ, ಎಲ್ಲರಿಗೂ ಆ ಮೂರು ಕ್ರೆಡಿಟ್ ಬೇಕಿತ್ತು.

ಪಾಠ ಮಾಡುವ ಲೆಕ್ಚರರ್ ಹನ್ನೊಂದು ವರ್ಷದ ಹಿಂದೆ ಇದೇ ಲ್ಯಾಬಿನಲ್ಲಿ ಓದಿದವರು. ಪಿಪೆಟ್ ಹಿಡಿಯಲು ಹೇಳಿಕೊಟ್ಟದ್ದು ಲ್ಯಾಬಕ್ಕ. ಮೊದಲ ದಿನವೇ ಅವರು ಪಕ್ಕಕ್ಕೆ ಕರೆದು ಹೇಳಿದರು: "ಅಕ್ಕಾ, ಗುರುವಾರ ಆ ಮೂರು ಗಂಟೆ ನೀವು ವಿದ್ಯಾರ್ಥಿನಿ. ಯಾರಿಗೂ ಹೇಳ್ಕೊಡೋ ಹಾಗಿಲ್ಲ. ನೆಲದ ಮೇಲೆ ಏನಾದ್ರೂ ಚೆಲ್ಲಿದ್ರೆ ನೀವು ಏಳೋ ಹಾಗಿಲ್ಲ."

"ಮತ್ತೆ ಯಾರು ಒರೆಸ್ತಾರೆ ಮೇಡಂ?"

"ಚೆಲ್ಲಿದವರು."

ಎರಡನೇ ಮಾತು ಪಾಲಿಸುವುದು ಲ್ಯಾಬಕ್ಕನಿಗೆ ಮೊದಲನೆಯದಕ್ಕಿಂತ ಕಷ್ಟವಾಯಿತು. ಚೆಲ್ಲಿದ್ದನ್ನು ಸಂಗೀತದ ಹುಡುಗಿ ಒರೆಸುವ ರೀತಿ ನೋಡಲಾಗದೆ ಅವರು ಕಿಟಕಿಯ ಕಡೆ ತಿರುಗಿ ಕೂತದ್ದುಂಟು.

ಲಿಖಿತ ಪರೀಕ್ಷೆಗೆ ಅವರು ಹೆದರಿದ್ದರು, ಅದು ಪರವಾಗಿಲ್ಲ ಎನ್ನುವಂತೆ ಆಯಿತು. ಪ್ರಯೋಗ ಪರೀಕ್ಷೆಯ ಬಗ್ಗೆ ಯೋಚನೆಯನ್ನೇ ಮಾಡಿರಲಿಲ್ಲ. ಅದರಲ್ಲಿ ಪ್ರತ್ಯೇಕವಾಗಿ ತೇರ್ಗಡೆಯಾಗಬೇಕೆಂಬ ನಿಯಮವಿತ್ತು. ಮೀನಿಗೆ ಈಜಿನ ಪರೀಕ್ಷೆ ಎಂದು ಸ್ಟೋರ್ ಮಾವ ನಗುತ್ತಿದ್ದರು.

ಸ್ಟೋರ್ ಮಾವ ಎಂದರೆ ವಿಭಾಗದ ಉಗ್ರಾಣ ನೋಡಿಕೊಳ್ಳುವವರು. ಅವರ ನಿವೃತ್ತಿಗೆ ಎರಡು ತಿಂಗಳಿತ್ತು. ಪರೀಕ್ಷೆಯ ದ್ರಾವಣವನ್ನು ಪರೀಕ್ಷೆಗೆ ಕೂರುವವರೇ ತಯಾರಿಸುವಂತಿಲ್ಲವಾದ್ದರಿಂದ, ಆ ಸಲ ಮಾತ್ರ ಆ ಕೆಲಸ ಮಾವನ ಪಾಲಿಗೆ ಬಂತು.

ಪರೀಕ್ಷೆ ಬಹಳ ಹಳೆಯದು. ಒಂದು ಬಾಟಲಿಯಲ್ಲಿ ಕ್ಷಾರ, ಅದರ ಸಾಂದ್ರತೆ ಎಷ್ಟೆಂದು ಹೇಳುವುದಿಲ್ಲ. ಇಪ್ಪತ್ತು ಮಿಲಿ ಲೀಟರ್ ಕ್ಷಾರವನ್ನು ಫ್ಲಾಸ್ಕಿಗೆ ಹಾಕಿ, ಎರಡು ಹನಿ ಸೂಚಕ ಬಿಟ್ಟರೆ ಗುಲಾಬಿಯಾಗುತ್ತದೆ. ಮೇಲಿನ ಬ್ಯುರೆಟ್ಟಿನಿಂದ ಆಮ್ಲವನ್ನು ಹನಿಹನಿಯಾಗಿ ಬಿಡುತ್ತ ಹೋಗಬೇಕು. ಬಣ್ಣ ಹೋದ ಹನಿಯಲ್ಲಿ ನಿಲ್ಲಿಸಿ, ಎಷ್ಟು ಆಮ್ಲ ಹಿಡಿಯಿತೆಂದು ನೋಡಿ ಬರೆಯಬೇಕು. ಹೀಗೆ ಮೂರು ಸಲ. ಇಪ್ಪತ್ತೆರಡು ವರ್ಷವೂ ಲ್ಯಾಬಕ್ಕ ಆ ಕ್ಷಾರವನ್ನು ಆಮ್ಲದಷ್ಟೇ ಬಲವಾಗಿ ಮಾಡುತ್ತಿದ್ದರು. ಇಪ್ಪತ್ತು ಹಾಕಿದರೆ ಇಪ್ಪತ್ತೇ ಹಿಡಿಯಬೇಕು. ಇಪ್ಪತ್ತಮೂರು ಬಂತು ಎಂದು ಯಾರಾದರೂ ಬಂದರೆ ಅವರು ಬ್ಯುರೆಟ್ಟನ್ನೂ ನೋಡದೆ, "ಹೋಗಿ ಇನ್ನೊಂದ್ಸಲ ಮಾಡು" ಎನ್ನುತ್ತಿದ್ದರು. ಇನ್ನೊಂದು ಸಲ ಮಾಡಿದರೆ ಇಪ್ಪತ್ತು ಬರುತ್ತಿತ್ತು.

ಪರೀಕ್ಷೆಯ ದಿನ ಲ್ಯಾಬಕ್ಕನಿಗೆ ಇಪ್ಪತ್ತಮೂರು ಪಾಯಿಂಟ್ ನಾಲ್ಕು ಬಂತು.

ಅವರು ಬ್ಯುರೆಟ್ಟಿನ ತಿರುಪು ನೋಡಿದರು, ಸೋರುತ್ತಿರಲಿಲ್ಲ. ಎರಡನೇ ಸಲ ಮಾಡಿದರು. ಇಪ್ಪತ್ತಮೂರೂವರೆ. ಮೂರನೇ ಸಲ ಮತ್ತೆ ಪಾಯಿಂಟ್ ನಾಲ್ಕು. ಒಂದನ್ನೂ ಪುಸ್ತಕದಲ್ಲಿ ಬರೆದಿರಲಿಲ್ಲ. ಅವರ ತಲೆಗೆ ಹೊಳೆದದ್ದು ಒಂದೇ: ಮಾವ ಮತ್ತೆ ಕಣ್ಣಳತೆ ಮಾಡಿದ್ದಾರೆ. ಹಿಂದೊಮ್ಮೆ ತಕ್ಕಡಿ ಕೆಟ್ಟಿದ್ದಾಗ ಮಾವ ಅಂದಾಜಿನಲ್ಲಿ ಪುಡಿ ಸುರಿದದ್ದನ್ನು ಲ್ಯಾಬಕ್ಕ ಕಂಡಿದ್ದರು. ಪಾಪ ಈ ಮಕ್ಕಳಿಗೆಲ್ಲ ತಪ್ಪು ಉತ್ತರ ಬರುತ್ತದೆ, ಲೆಕ್ಚರರ್ ಹತ್ತಿರ ಇರುವ ಸರಿಯುತ್ತರ ಇಪ್ಪತ್ತೇ ಎಂದುಕೊಂಡರು. ಪುಸ್ತಕ ತೆರೆದು ಬರೆದರು: 20.1, 20.0, 20.0. ಅಕ್ಷರ ದುಂಡಾಗಿತ್ತು.

ನಾಲ್ಕು ದಿನ ಬಿಟ್ಟು ಲೆಕ್ಚರರ್ ತಮ್ಮ ಕೋಣೆಗೆ ಕರೆದರು. ಮೇಜಿನ ಮೇಲೆ ಪುಸ್ತಕಗಳ ರಾಶಿ ಇತ್ತು.

"ಅಕ್ಕಾ, ನಿಮ್ಮ ಇಪ್ಪತ್ತು ಇಡೀ ಹಾಸ್ಟೆಲ್‌ಗೆ ಗೊತ್ತು. ಅದಕ್ಕೇ ಈ ಸಲ ಕ್ಷಾರದ ಬಲ ಜಾಸ್ತಿ ಮಾಡಿ ಅಂತ ಮಾವನಿಗೆ ಚೀಟಿ ಬರ್ಕೊಟ್ಟಿದ್ದೆ. ಮೂವತ್ತು ಜನಕ್ಕೂ ಇಪ್ಪತ್ತಮೂರರ ಆಚೀಚೆ ಬಂದಿದೆ. ನಿಮಗೊಬ್ಬರಿಗೆ ಇಪ್ಪತ್ತು."

ಲ್ಯಾಬಕ್ಕ ರಾಶಿಯಲ್ಲಿ ತಮ್ಮ ಪುಸ್ತಕ ಯಾವುದೆಂದು ಹುಡುಕಿದರು.

"ನಿಮ್ಮ ಬೆಂಚಿಗೆ ಹಳೇ ಬಾಟಲಿ ಬಂದಿರಬಹುದು. ಮಾವನ್ನ ವಿಚಾರಿಸಿ ನಾಳೆ ಹೇಳಿ. ಹಾಗಾಗಿದ್ರೆ ನಿಮ್ಮ ಉತ್ತರ ಸರಿನೇ. ನಾಡಿದ್ದು ಅಂಕ ಕಳಿಸ್ಬೇಕು."

ನೋಡದ ಅಂಕಿಯನ್ನು ಬರೆದರೆ ಪರೀಕ್ಷೆಗೆ ಸೊನ್ನೆ ಎಂಬುದು ಪ್ರಯೋಗ ಪುಸ್ತಕದ ಮೊದಲ ಪುಟದಲ್ಲೇ ಅಚ್ಚಾಗಿದೆ. ಆ ಪುಸ್ತಕಗಳನ್ನು ಪ್ರತಿ ವರ್ಷ ಹಂಚುವವರು ಲ್ಯಾಬಕ್ಕನೇ.

ಉಗ್ರಾಣದಲ್ಲಿ ಸ್ಟೋರ್ ಮಾವ ವಿಷಯ ಕೇಳಿ ಸ್ಟೂಲು ಎಳೆದುಕೊಂಡು ಕೂತರು.

"ಅಯ್ಯೋ ಹುಚ್ಚಿ. ಕಣ್ಣಾರೆ ಕಂಡಿದ್ದನ್ನ ಬಿಟ್ಟು ಬಾಯಿಪಾಠ ಬರೆದ್ಯಾ?"

"ನೀವು ಕಣ್ಣಳತೆ ಮಾಡಿದೀರಿ ಅನ್ಕೊಂಡೆ ಮಾವ."

"ಚೆನ್ನಾಗಿದೆ. ಜೀವನದಲ್ಲಿ ಒಂದ್ಸಲ ಸರಿಯಾಗಿ ತೂಗಿದ್ದೆ, ಅವತ್ತೇ ನಂಬಿಕೆ ಹೋಯ್ತು." ಆಮೇಲೆ ದನಿ ತಗ್ಗಿಸಿದರು. "ಒಂದ್ ಕೆಲಸ ಮಾಡು. ನಿನ್ನ ಬೆಂಚಿಗೆ ನಾನೇ ಹಳೇ ಬಾಟಲಿ ಇಟ್ಟಿದ್ದೆ, ಮರೆತೆ ಅಂತ ಬರ್ಕೊಡ್ತೀನಿ. ಹೋಗೋ ಎತ್ತಿಗೆ ಇನ್ನೊಂದು ಬರೆ ಹೆಚ್ಚಲ್ಲ. ಎರಡು ತಿಂಗಳಲ್ಲಿ ನಾನು ಮನೇಲಿರ್ತೀನಿ, ನೀನು ಆ ಕುರ್ಚಿಲಿರ್ತೀಯ."

ಲ್ಯಾಬಕ್ಕ ಉಗ್ರಾಣದ ಬಾಗಿಲು ಎಳೆದುಕೊಂಡು ಹೊರಟರು. ಮನೆಗೆ ಹೋಗಿ ಗಂಡನ ಮುಂದೆ ಹೇಳಿದರು. ಅವರು ತಟ್ಟೆ ಒರೆಸುತ್ತಲೇ ಕೇಳಿಸಿಕೊಂಡರು.

"ಮಾವ ತಾನಾಗಿ ಬರ್ಕೊಡ್ತೀನಿ ಅಂದ್ರೆ ನಿನಗೇನು ಕಷ್ಟ? ಹತ್ತು ವರ್ಷ ಕಾದಿದ್ದೀಯ."

"ಬರ್ಕೊಟ್ಟರೆ ಅದು ಅವರ ಕಡತಕ್ಕೆ ಹೋಗುತ್ತೆ ರೀ. ಮೂವತ್ತಾರು ವರ್ಷ ಕೆಲಸ ಮಾಡಿದ ಮನುಷ್ಯ. ಕೊನೇ ಹಾಳೇಲಿ 'ಪರೀಕ್ಷೆಯಲ್ಲಿ ತಪ್ಪು ಬಾಟಲಿ ಇಟ್ಟರು' ಅಂತ ಇರುತ್ತೆ. ಅದೂ ಅವರು ಸರಿ ಮಾಡಿದ ದಿನ."

"ಮತ್ತೆ ನಿನ್ನ ಕಡತದಲ್ಲಿ?"

"ನನ್ನದರಲ್ಲಿ ಇದ್ದದ್ದು ಇರುತ್ತೆ."

ಗಂಡ ತಟ್ಟೆಗಳನ್ನು ಜೋಡಿಸಿಟ್ಟರು. "ನಾನು ಬೇಡ ಅಂದ್ರೂ ನೀನು ಕೇಳಲ್ಲ. ಹೂಂ ಅಂದ್ರೆ ನನ್ನ ಮಾತು ನಡೆದಂಗಾದ್ರೂ ಆಗುತ್ತೆ. ಹೂಂ."

ಮರುದಿನ ಬೆಳಿಗ್ಗೆ ಬೆಂಚುಗಳನ್ನು ಜೋಡಿಸಿದ ಮೇಲೆ ಲ್ಯಾಬಕ್ಕ ಲೆಕ್ಚರರ್ ಕೋಣೆಗೆ ಹೋದರು. ನಿಂತೇ ಹೇಳಿದರು.

"ಬಾಟಲಿ ಸರಿ ಇತ್ತು ಮೇಡಂ. ನನಗೂ ಇಪ್ಪತ್ತಮೂರು ಪಾಯಿಂಟ್ ನಾಲ್ಕು, ಇಪ್ಪತ್ತಮೂರೂವರೆ, ಮತ್ತೆ ಪಾಯಿಂಟ್ ನಾಲ್ಕು ಬಂತು. ನಾನು ಬರೀಲಿಲ್ಲ."

ಲೆಕ್ಚರರ್ ಪೆನ್ನಿನ ಮುಚ್ಚಳ ತೆಗೆದು ಮತ್ತೆ ಹಾಕಿದರು. "ನಾನು ನಿಮಗೆ ದಾರಿ ಬಿಟ್ಟಿದ್ದೆ ಅಕ್ಕಾ."

"ಗೊತ್ತಾಯ್ತು. ಆ ದಾರೀಲಿ ಮಾವ ಮಲಗಿದಾರೆ, ತುಳೀದೆ ಹೋಗಕ್ಕಾಗಲ್ಲ."

"ಸೊನ್ನೆ ಕೊಡ್ಬೇಕಾಗುತ್ತೆ. ಅಂದ್ರೆ ಇಡೀ ವಿಷಯ ಮತ್ತೆ. ಆ ಹುದ್ದೆ..."

"ಲೆಕ್ಕ ಹಾಕೇ ಬಂದಿದೀನಿ ಮೇಡಂ. ಬರೀರಿ."

ಲೆಕ್ಚರರ್ ಬರೆದರು. ಲ್ಯಾಬಕ್ಕ ಹತ್ತು ಗಂಟೆಯ ತರಗತಿಗೆ ಬಟ್ಟಿ ಇಳಿಸಿದ ನೀರು ತುಂಬಿಸಬೇಕಿತ್ತು, ಹೊರಟುಹೋದರು.

ಮೇಲ್ವಿಚಾರಕರ ಹುದ್ದೆಗೆ ಬೇರೆ ಕಾಲೇಜಿನಿಂದ ಮೂವತ್ತನಾಲ್ಕು ವರ್ಷದ ಒಬ್ಬರು ಬಂದರು. ಮೊದಲ ಬೆಳಿಗ್ಗೆ ಲ್ಯಾಬಕ್ಕ ಅವರಿಗೆ ಬೀಗದ ಕೈಗಳನ್ನು ಒಂದೊಂದಾಗಿ ತೋರಿಸಿ ಕೊಟ್ಟರು, ಯಾವ ಗ್ಯಾಸಿನ ನಲ್ಲಿ ಬಿಗಿ, ಯಾವ ಕಪಾಟಿನ ಬಾಗಿಲು ಎತ್ತಿ ಮುಚ್ಚಬೇಕು ಎಂದು ಹೇಳಿದರು. ಹೊಸಬರು ಒಳ್ಳೆಯ ಕೆಲಸಗಾರರು, ಚೀಟಿ ಮಾತ್ರ ಓರೆಯಾಗಿ ಅಂಟಿಸುತ್ತಾರೆ ಎಂಬುದು ಲ್ಯಾಬಕ್ಕನ ಅಭಿಪ್ರಾಯ. ಸ್ಟೋರ್ ಮಾವ ಒಂದೂ ಕಪ್ಪು ಚುಕ್ಕೆಯಿಲ್ಲದ ಕಡತದೊಂದಿಗೆ ನಿವೃತ್ತರಾದರು. ಬೀಳ್ಕೊಡುಗೆಯಲ್ಲಿ ಎರಡು ಮಾತಾಡಿ ಎಂದಾಗ, "ಇಲ್ಲಿ ಒಬ್ಬರನ್ನ ಬಿಟ್ಟು ಎಲ್ಲರೂ ನನ್ನ ತಕ್ಕಡೀನ ನಂಬಿದ್ರು" ಎಂದಷ್ಟೇ ಹೇಳಿ ಕೂತರು. ಲ್ಯಾಬಕ್ಕ ಸೇರಿ ನಾಲ್ಕು ಜನ ನಕ್ಕರು. ಉಳಿದವರಿಗೆ ಅರ್ಥವಾಗಲಿಲ್ಲ.

ಮುಂದಿನ ಅವಧಿಯಲ್ಲಿ ಲ್ಯಾಬಕ್ಕ ಮತ್ತೆ ಗುರುವಾರ ಎರಡು ಗಂಟೆಗೆ ಬಿಳಿ ಕೋಟು ತೊಟ್ಟರು. ಈ ಸಲ ಪ್ರತಿ ಅಂಕಿಯನ್ನೂ ಬ್ಯುರೆಟ್ ನೋಡಿದ ಕೂಡಲೇ, ತಲೆಗೆ ಏನಾದರೂ ಹೊಳೆಯುವ ಮೊದಲೇ ಬರೆಯುತ್ತಿದ್ದರು. ಅರವತ್ತೆಂಟು ಅಂಕ ಬಂತು. ಗುಮಾಸ್ತರ ಸ್ಕೇಲ್ ಎಲ್ಲೂ ನಿಲ್ಲದೆ ಕೆಳಗಿನವರೆಗೆ ಇಳಿಯಿತು.

ಈಗ ವೈದ್ಯಕೀಯ ಕಾಲೇಜಿನ ಪ್ರಯೋಗಾಲಯದಲ್ಲಿ ಅಂಥದೇ ಒಂದು ಹುದ್ದೆ ಖಾಲಿಯಾಗಿದೆ. ಬಸ್ಸಿನಲ್ಲಿ ನಲವತ್ತು ನಿಮಿಷ. ಕಳೆದ ಭಾನುವಾರ ಲ್ಯಾಬಕ್ಕ ಅದರ ಅರ್ಜಿ ತುಂಬಿಸಿದರು. ಎರಡನೇ ಪುಟದಲ್ಲಿ, ಪದವಿಯಲ್ಲಿ ಅನುತ್ತೀರ್ಣವಾದ ವಿಷಯಗಳಿದ್ದರೆ ಕಾರಣ ಸಹಿತ ನಮೂದಿಸಿ ಎಂದಿತ್ತು. ಅವರು ಬರೆದದ್ದನ್ನು ಗಂಡ ಹೆಗಲ ಮೇಲಿಂದ ಬಗ್ಗಿ ಓದಿದರು: ರಸಾಯನ ಪ್ರಯೋಗಾಲಯ, ಒಂದು ಬಾರಿ. ಕಾರಣ: ಕಂಡ ಅಳತೆ ಬರೆಯಲಿಲ್ಲ.

"ಲ್ಯಾಬ್ ಕೆಲಸಕ್ಕೆ ಅರ್ಜಿ ಹಾಕಿ, ಲ್ಯಾಬಲ್ಲೇ ಫೇಲ್ ಅಂತ ಬರೀತೀಯಲ್ಲ. ಓದಿದವರು ನಗಲ್ವಾ?"

"ನಗ್ತಾರೆ," ಎಂದರು ಲ್ಯಾಬಕ್ಕ. "ಆಮೇಲೆ ಏನಾಯ್ತು ಅಂತ ಕೇಳಕ್ಕಾದ್ರೂ ಕರೀತಾರೆ."

ಲಕೋಟೆಗೆ ಅಂಟು ಹಚ್ಚಿ, ಒಣಗುವವರೆಗೆ ಮೇಲೆ ನಿಘಂಟು ಹೇರಿಟ್ಟರು. ಸಂದರ್ಶನಕ್ಕೆ ಕರೆ ಇನ್ನೂ ಬಂದಿಲ್ಲ.