ಭಾನುವಾರದ ಕ್ವಿಜ್‌ನಲ್ಲಿ ನಮ್ಮ ಭಾವ

ನಮ್ಮ ಭಾವ, ಅಂದರೆ ನನ್ನ ಅಕ್ಕನ ಗಂಡ, ಪ್ರಶ್ನೆ ಮುಗಿಯುವ ತನಕ ಕಾಯುವ ಜಾಯಮಾನದವರಲ್ಲ. ಕೇಳುವವರ ಬಾಯಲ್ಲಿ ಅರ್ಧ ವಾಕ್ಯ ಇರುವಾಗಲೇ ಅವರ ಕೈ ಮೇಜಿನ ಗಂಟೆಯ ಮೇಲೆ ಬಿದ್ದಿರುತ್ತಿತ್ತು. ಉತ್ತರ ಸರಿಯಾದರೆ ಸುತ್ತ ಒಮ್ಮೆ ನೋಡಿ ಮೀಸೆ ಸವರಿಕೊಳ್ಳುವರು. ತಪ್ಪಾದರೆ ಪ್ರಶ್ನೆಯೇ ಸರಿಯಿಲ್ಲವೆಂದು ಜಗಳಕ್ಕೆ ನಿಲ್ಲುವರು.

ಬಿಡದಿಯ ಸುತ್ತ ಒಂದರ ಹಿಂದೊಂದು ಕಾರ್ಖಾನೆ ಏಳುತ್ತಿದ್ದ ಕಾಲ ಅದು. ನಾನು ಅಲ್ಲೊಂದು ಕಡೆ ವಾಹನಗಳ ಬಿಡಿಭಾಗ ತಯಾರಿಸುವ ಕಾರ್ಖಾನೆಯಲ್ಲಿ ತಪಾಸಣೆಯ ಕೆಲಸದಲ್ಲಿದ್ದೆ. ಭಾವನವರ ಊರು ಚನ್ನಪಟ್ಟಣ ತಾಲ್ಲೂಕಿನ ವಿರೂಪಾಕ್ಷಿಪುರದ ಹತ್ತಿರ. ಒಂದಿಷ್ಟು ಹಿಪ್ಪುನೇರಳೆ ತೋಟವಿತ್ತು, ಅಕ್ಕ ರೇಷ್ಮೆ ಹುಳು ಸಾಕುತ್ತಿದ್ದಳು. ಭಾವ ವಿಮಾ ಏಜೆಂಟ್. ಬೈಕಿನಲ್ಲಿ ಚನ್ನಪಟ್ಟಣ, ರಾಮನಗರ, ಕನಕಪುರ, ಮಾಗಡಿ ಎಂದು ಸುತ್ತುವುದು, ಹೋದಲ್ಲೆಲ್ಲ ಮಾತಾಡುವುದು ಅವರ ಕಸುಬು. ಯಾರ ಮನೆಗೆ ಹೋದರೂ ಮೊದಲು ಅಲ್ಲಿ ಬಿದ್ದಿರುವ ಪೇಪರು ಓದುವರು. ಕಡಲೆಕಾಯಿ ಕಟ್ಟಿಕೊಟ್ಟ ಕಾಗದವನ್ನೂ ಬಿಡಿಸಿ ಓದಿಯೇ ಎಸೆಯುವರು. ಓದಿದ್ದನ್ನು ಮರೆಯುವುದು ಅವರಿಗೆ ಗೊತ್ತೇ ಇರಲಿಲ್ಲ.

ಚನ್ನಪಟ್ಟಣ ಮತ್ತು ರಾಮನಗರದ ನಡುವೆ ಹೆದ್ದಾರಿಗೆ ಅಂಟಿಕೊಂಡಂತೆ ಒಂದು ಬಾರ್ ಅಂಡ್ ರೆಸ್ಟೋರೆಂಟ್ ಇತ್ತು. ಅದರ ಮಾಲೀಕರು ಬೆಂಗಳೂರಿನ ಯಾವುದೋ ಪಬ್ಬಿನಲ್ಲಿ ಜನ ಗುಂಪು ಕಟ್ಟಿಕೊಂಡು ಸಾಮಾನ್ಯ ಜ್ಞಾನದ ಪ್ರಶ್ನೆಗಳಿಗೆ ಉತ್ತರ ಹೇಳುವುದನ್ನು ನೋಡಿ ಬಂದು, ನಮ್ಮಲ್ಲೂ ಯಾಕಾಗಬಾರದು ಎಂದು ಶುರುಮಾಡಿದರು. ಭಾನುವಾರ ಮಧ್ಯಾಹ್ನ ಖಾಲಿ ಬಿದ್ದಿರುತ್ತಿದ್ದ ಮಹಡಿಯ ಹಾಲ್‌ನಲ್ಲಿ ನಾಲ್ಕು ತಾಲ್ಲೂಕಿಗೆ ನಾಲ್ಕು ತಂಡ. ಪ್ರಶ್ನೆ ಕೇಳಲು ಭೂಗೋಳ ಪಾಠ ಮಾಡಿ ನಿವೃತ್ತರಾದ ಮೇಷ್ಟ್ರು. ಗೆದ್ದ ತಂಡಕ್ಕೆ ಅವತ್ತಿನ ಮಟನ್ ಊಟ. ಚನ್ನಪಟ್ಟಣದ ತಂಡದಲ್ಲಿ ಭಾವ, ನಾನು, ಮತ್ತೆ ಯಾರು ಸಿಕ್ಕರೆ ಅವರು. ನಿಜ ಹೇಳಬೇಕೆಂದರೆ ತಂಡ ಎಂದರೆ ಭಾವ ಒಬ್ಬರೇ. ನಾವು ಮೇಜು ತುಂಬಲಿಕ್ಕೆ.

ಒಂದು ಸಲ ಬೊಲಿವಿಯಾದ ರಾಜಧಾನಿ ಯಾವುದು ಎಂದು ಮೇಷ್ಟ್ರು ಕೇಳಿದರು. ಭಾವ ಸೂಕ್ರೆ ಅಂದರು. ಮೇಷ್ಟ್ರು ಲಾ ಪಾಸ್ ಅಂದರು. ಸರ್ಕಾರ ಕೂರುವುದು ಲಾ ಪಾಸ್‌ನಲ್ಲಿ, ಆದರೆ ಕಾನೂನಿನ ಪ್ರಕಾರ ರಾಜಧಾನಿ ಸೂಕ್ರೆ ಎಂದು ಭಾವ ಎದ್ದು ನಿಂತರು. ಊಟ ಆರಿಹೋಯಿತು. ಕನಕಪುರದ ತಂಡದಲ್ಲಿ ಕಲ್ಲುಕ್ವಾರಿಯ ಒಬ್ಬರು ಇದ್ದರು, ದೊಡ್ಡ ದನಿಯ ಮನುಷ್ಯ. ಅವರು ಕೊನೆಗೆ, ಎರಡೂ ಊರು ಬೊಲಿವಿಯಾದವರೇ ಇಟ್ಟುಕೊಳ್ಳಲಿ, ನಮಗೆ ಅನ್ನ ಬಡಿಸಿ ಎಂದ ಮೇಲೆ ಎಲ್ಲರೂ ನಕ್ಕು ಕೂತೆವು. ಭಾವ ಮಾತ್ರ ದಾರಿಯುದ್ದಕ್ಕೂ ಬೈಕಿನ ಮುಂದಿನಿಂದ ನನಗೆ ಬೊಲಿವಿಯಾದ ಚರಿತ್ರೆ ಕೂಗಿ ಹೇಳುತ್ತಾ ಬಂದರು. ಗಾಳಿಗೆ ಅರ್ಧ ಕೇಳಿಸಲಿಲ್ಲ.

ಅದಾದ ಮೇಲಿನ ಬೇಸಿಗೆಯ ಒಂದು ಭಾನುವಾರ. ಭಾವ ಬೆಳಿಗ್ಗೆಯಿಂದ ತಲೆ ಭಾರ ಅನ್ನುತ್ತಿದ್ದರಂತೆ. ಬಿಪಿ ಮಾತ್ರೆಯನ್ನು ಅವರು ನೆನಪಾದಾಗ ನುಂಗುವವರು. ಆಟ ಶುರುವಾದ ಮೇಲೆ ಎರಡು ಮೂರು ಪ್ರಶ್ನೆಗೆ ಎಂದಿನಂತೆ ಉತ್ತರಿಸಿದರು. ಆಮೇಲೆ ಮೇಷ್ಟ್ರು, ಅರ್ಕಾವತಿ ಕಾವೇರಿಯನ್ನು ಸೇರುವ ಜಾಗಕ್ಕೆ ಏನೆನ್ನುತ್ತಾರೆ ಎಂದು ಕೇಳಿದರು. ಸಂಗಮ ಎಂದು ನಮ್ಮ ಕಡೆ ಶಾಲೆಗೆ ಹೋಗದವರಿಗೂ ಗೊತ್ತಿರುವ ವಿಷಯ. ಗಂಟೆ ಬಡಿದದ್ದು ಭಾವನೇ.

"ಅದೇ... ನೀರು... ಅದು ಅದೇ..." ಎಂದರು.

ಹಾಲ್ ನಕ್ಕಿತು. ಮೇಷ್ಟ್ರನ್ನು ಆಡಿಸಲು ಬೇಕೆಂದೇ ಹೀಗೆ ಮಾಡುತ್ತಿದ್ದಾರೆ ಎಂದು ನಾನೂ ತಿಳಿದೆ. ಅವರು ಮತ್ತೆ ಬಾಯಿ ತೆರೆದರು. ಈ ಸಲ ಮಾತೇ ಅಲ್ಲದ ಏನೋ ಸದ್ದು ಬಂತು. ತಮ್ಮ ಬಾಯಿಂದ ಬಂದದ್ದನ್ನು ಕೇಳಿ ಅವರೇ ಬೆಚ್ಚಿದವರಂತೆ ನನ್ನ ಕಡೆ ತಿರುಗಿದರು. ಬಲಗೈ ಗಂಟೆಯ ಮೇಲಿಂದ ಜಾರಿ ತೊಡೆಯ ಮೇಲೆ ಬಿತ್ತು. ಬಾಯಿಯ ಒಂದು ಪಕ್ಕ ಕೆಳಗೆ ಎಳೆದುಕೊಂಡಿತ್ತು.

ಕಲ್ಲುಕ್ವಾರಿಯವರು ಮೊದಲು ಎದ್ದು ಬಂದರು. "ಲಕ್ವ ಹೊಡೆದೈತೆ ಕಣಪ್ಪ. ಎತ್ತು, ನನ್ನ ಜೀಪ್ ಕೆಳಗಡೆನೇ ಐತೆ" ಅಂದರು.

ಮೆಟ್ಟಿಲ ಮೇಲಿಂದ ಅವರನ್ನು ಕುರ್ಚಿಯ ಸಮೇತ ಇಳಿಸಿದೆವು. ರಾಮನಗರದ ಒಂದು ನರ್ಸಿಂಗ್ ಹೋಮಿನಲ್ಲಿ ನೋಡಿದ ಡಾಕ್ಟರು ಸೂಜಿ ಚುಚ್ಚಿ, ತಲೆಯ ಸ್ಕ್ಯಾನ್ ಇಲ್ಲಿ ಆಗುವುದಿಲ್ಲ, ತಡ ಮಾಡದೆ ಬೆಂಗಳೂರಿಗೆ ಹೊರಡಿ ಎಂದರು. ಹೊರಟೆವು. ಆಗ ರಸ್ತೆ ಅಗಲ ಮಾಡುತ್ತಿದ್ದರು. ಎಲ್ಲೆಲ್ಲೂ ಅಗೆದ ಮಣ್ಣು, ಬದಲಿ ದಾರಿಯ ಬೋರ್ಡು. ಬಿಡದಿಯ ಹತ್ತಿರ ಬಂದಾಗ ಮುಂದಿನ ಗಾಡಿಗಳು ನಿಂತುಬಿಟ್ಟವು. ಹೊಸ ಕಾರುಗಳನ್ನು ಮಹಡಿಯಂತೆ ಪೇರಿಸಿಕೊಂಡ ಉದ್ದನೆಯ ಟ್ರೇಲರ್ ಒಂದು ತಿರುವಿನಲ್ಲಿ ಸಿಕ್ಕಿಕೊಂಡಿತ್ತು. ಅದರ ಹಿಂದೆ ಪಾಳಿ ಮುಗಿಸಿದವರನ್ನು ಕರೆದೊಯ್ಯುವ ಕಾರ್ಖಾನೆ ಬಸ್ಸುಗಳು, ಮೈಸೂರಿನಿಂದ ವಾಪಸಾಗುವ ಕಾರುಗಳು. ಕಲ್ಲುಕ್ವಾರಿಯವರು ಹಾರ್ನ್ ಅದುಮಿಯೇ ಇದ್ದರು. ನಾನು ಇಳಿದು ಮುಂದೆ ಓಡಿ ಬಸ್ಸಿನ ಡ್ರೈವರುಗಳನ್ನು ಕೇಳಿಕೊಂಡೆ. ಅವರಲ್ಲಿ ಒಬ್ಬ ನನ್ನನ್ನು ದಿನಾ ಕೆಲಸಕ್ಕೆ ಕರೆದೊಯ್ಯುವವನೇ. ಅವನು ತಲೆ ಹೊರಗೆ ಹಾಕಿ, "ಎಲ್ಲಿಗ್ ತಗೀಲಿ ಸಾರ್? ಆ ಕಡೆ ಗುಂಡಿ, ಈ ಕಡೆ ಲಾರಿ" ಎಂದ. ಅವನ ಮುಖದಲ್ಲೂ ನನ್ನಷ್ಟೇ ಸಂಕಟವಿತ್ತು. ಜಾಗ ಇದ್ದರಲ್ಲವೇ ಕೊಡುವುದು.

ವಾಪಸು ಬಂದು ಜೀಪಿನಲ್ಲಿ ಕೂತೆ. ಭಾವನ ತಲೆ ನನ್ನ ತೊಡೆಯ ಮೇಲಿತ್ತು. ಕಣ್ಣು ಬಿಟ್ಟಿದ್ದರು. ಎಡಗೈಯಿಂದ ನನ್ನ ಅಂಗಿ ಹಿಡಿದುಕೊಂಡಿದ್ದರು. ಏನೂ ಆಗಲ್ಲ ಭಾವ, ಆಸ್ಪತ್ರೆ ಇನ್ನೇನು ಬಂತು ಎಂದು ಹೇಳುತ್ತಲೇ ಇದ್ದೆ. ಯಾವುದೂ ಬರುತ್ತಿರಲಿಲ್ಲ.

ಬೆಂಗಳೂರಿನ ಆಸ್ಪತ್ರೆ ಮುಟ್ಟುವಾಗ ಕತ್ತಲಾಗಿತ್ತು. ಜೀವ ಉಳಿಯಿತು. ಮಾತು ಹೋಯಿತು. ಬುದ್ಧಿ ಸರಿಯಾಗಿದೆ, ಹೇಳಿದ್ದು ಬಹಳಷ್ಟು ಅರ್ಥವಾಗುತ್ತದೆ, ಪದ ಹುಡುಕಿ ತರುವ ಜಾಗಕ್ಕೆ ಏಟಾಗಿದೆ ಎಂದು ಡಾಕ್ಟರು ವಿವರಿಸಿದರು. ಎಷ್ಟು ದಿನಕ್ಕೆ ಸರಿಹೋಗುತ್ತದೆ ಎಂದು ಕೇಳಿದ್ದಕ್ಕೆ ಅದನ್ನು ಹೇಳಲಾಗದು ಎಂದರು. ಅಕ್ಕ ಆಸ್ಪತ್ರೆಗೆ ಒಮ್ಮೆ ಬಂದು ನೋಡಿ ಅಂದೇ ವಾಪಸು ಹೋಗಬೇಕಾಯಿತು. ಮನೆಯಲ್ಲಿ ಹುಳುಗಳು ಹಣ್ಣಾಗಿದ್ದವು. ಗೂಡು ಕಟ್ಟಲು ಅವನ್ನು ಬಿದಿರಿನ ಚಂದ್ರಿಕೆಗೆ ಹಾಕದಿದ್ದರೆ ಅಷ್ಟೂ ಹಾಳು. ಹುಳುವಿಗೆ ನಮ್ಮ ಕಷ್ಟ ತಿಳಿಯುವುದೆಲ್ಲಿ. ಅವಳು ಬಸ್ ಹತ್ತುವಾಗ ಮುಖ ತಿರುಗಿಸಿಕೊಂಡೇ ಇದ್ದಳು.

ಮನೆಗೆ ಕರೆತಂದ ಮೇಲೆ ಬೇರೆ ತರದ ಹಿಂಸೆ ಶುರುವಾಯಿತು. ಆಸ್ಪತ್ರೆಯಲ್ಲಿ ಮಾತು ಕಲಿಸುವ ಹೆಣ್ಣುಮಗಳು ಚಿತ್ರದ ಕಾರ್ಡುಗಳನ್ನು ಕೊಟ್ಟಿದ್ದಳು. ಚಮಚ, ಬೀಗ, ಹಸು, ಛತ್ರಿ. ದಿನಾ ಒಂದೊಂದಾಗಿ ತೋರಿಸಿ ಹೆಸರು ಹೇಳಿಸಬೇಕು. ಅಕ್ಕ ಮಂಚದ ಪಕ್ಕ ಕೂತು ಚಮಚ ತೋರಿಸಿ, ಇದೇನು ಎಂದು ಕೇಳುವಳು. ಭಾವ ಅದನ್ನೇ ದಿಟ್ಟಿಸಿ, ತುಟಿ ಕೂಡಿಸಿ, ಬಿಚ್ಚಿ, ಕೊನೆಗೆ "ಅದೇ" ಎನ್ನುವರು. ಹಸುವಿಗೂ "ಅದೇ". ಬೀಗಕ್ಕೂ "ಅದೇ". ತಪ್ಪಾಯಿತೆಂದು ಅವರಿಗೆ ತಕ್ಷಣ ತಿಳಿಯುತ್ತಿತ್ತು. ತಿಳಿಯದಿದ್ದರೆ ಎಷ್ಟೋ ವಾಸಿಯಿತ್ತು ಅನ್ನಿಸುತ್ತಿತ್ತು ನನಗೆ.

ನೋಡಲು ಬಂದವರೂ ಸುಮ್ಮನಿರಲಿಲ್ಲ. ನೆಂಟರು, ವಿಮೆ ಮಾಡಿಸಿದ್ದವರು, ಅಕ್ಕಪಕ್ಕದವರು, ಒಬ್ಬೊಬ್ಬರೂ ಹತ್ತಿರ ಬಗ್ಗಿ, ಕಿವುಡರಿಗೆ ಹೇಳುವಂತೆ ಗಟ್ಟಿಯಾಗಿ, ನಾನ್ಯಾರು ಹೇಳಿ ನೋಡೋಣ ಎಂದು ಕೇಳುವರು. ಪ್ರೀತಿಯಿಂದಲೇ ಕೇಳುತ್ತಿದ್ದರು. ಒಂದು ದಿನ ದೂರದ ದೊಡ್ಡಪ್ಪ ಒಬ್ಬರು ಮೂರ್ನಾಲ್ಕು ಸಲ ಅದನ್ನೇ ಕೇಳಿದಾಗ ಭಾವನ ಬಾಯಿಂದ ಒಂದು ಕೆಟ್ಟ ಬೈಗುಳ ಪೂರ್ತಿಯಾಗಿ, ಸ್ಪಷ್ಟವಾಗಿ ಬಂತು. ದೊಡ್ಡಪ್ಪ ಎದ್ದು ಹೋದರು. ಅಕ್ಕ ಒಳಗೆ ಹೋಗಿ ಬಾಯಿಗೆ ಸೆರಗು ಮುಚ್ಚಿಕೊಂಡು ನಕ್ಕಳು, ನಗುನಗುತ್ತಲೇ ಅತ್ತಳು. ಆ ಪದ ಬಂದ ದಾರಿಯಲ್ಲೇ ಉಳಿದವೂ ಬರಬಹುದೆಂದು ಆಸೆಪಟ್ಟೆವು. ಬರಲಿಲ್ಲ. ಬೈಗುಳವೆಲ್ಲ ಮೆದುಳಿನ ಬೇರೆ ಕಡೆಯಿಂದ ಬರುತ್ತದೆ ಎಂದಳು ಕಾರ್ಡು ಕೊಟ್ಟ ಆ ಹೆಣ್ಣುಮಗಳು. ಕಬ್ಬಾಳಮ್ಮನಿಗೆ ಅಕ್ಕ ಹೊತ್ತ ಹರಕೆಯನ್ನೂ ತೀರಿಸಿ ಬಂದೆವು.

ವರ್ಷ ಕಳೆಯಿತು. ಕೋಲು ಹಿಡಿದು ನಡೆಯುವಷ್ಟಾದರು. ಒಂದು ಭಾನುವಾರ ನಾನು ಹೋದಾಗ ಇಸ್ತ್ರಿ ಮಾಡಿದ ಅಂಗಿ ಹಾಕಿಕೊಂಡು ಜಗಲಿಯಲ್ಲಿ ಕೂತಿದ್ದರು. ರಸ್ತೆಯ ಕಡೆ ಕೈ ತೋರಿಸಿ, ಗಾಳಿಯಲ್ಲಿ ಗಂಟೆ ಬಡಿದು ತೋರಿಸಿದರು. ಅಕ್ಕ ನನ್ನನ್ನು ಅಡಿಗೆಮನೆಗೆ ಕರೆದು, "ಬ್ಯಾಡ ಕಣೋ, ಅಲ್ಲಿ ಎಲ್ರ ಮುಂದೆ ಏನಾರ ಆದ್ರೆ?" ಎಂದಳು. ನನಗೂ ಅದೇ ಭಯವಿತ್ತು. ಆದರೆ ಅಷ್ಟು ಚೆನ್ನಾಗಿ ತಲೆ ಬಾಚಿಕೊಂಡು ಕೂತವರಿಗೆ ಬೇಡ ಎನ್ನಲು ನಮ್ಮಿಬ್ಬರಿಗೂ ಆಗಲಿಲ್ಲ. ಆಟೋ ಮಾಡಿಕೊಂಡು ಹೋದೆವು.

ಮಾಲೀಕರು ತಾವೇ ಕೈಹಿಡಿದು ಮೆಟ್ಟಿಲು ಹತ್ತಿಸಿದರು. ಭಾವ ಹಳೆಯ ಜಾಗದಲ್ಲೇ ಕೂತರು. ಸುಲಭದ ಪ್ರಶ್ನೆಗಳಿಗೆ ನಾನು ಉತ್ತರಿಸಿದಾಗ ತಲೆಯಾಡಿಸುತ್ತಿದ್ದರು. ಆಮೇಲೆ ಮೇಷ್ಟ್ರು, ಭೂಮಧ್ಯರೇಖೆಯನ್ನು ಎರಡು ಸಲ ದಾಟುವ ದೊಡ್ಡ ನದಿ ಯಾವುದು ಎಂದು ನಮ್ಮ ತಂಡವನ್ನು ಕೇಳಿದರು.

ಭಾವನ ಕೈ ನನ್ನ ಮಣಿಕಟ್ಟನ್ನು ಹಿಡಿಯಿತು. ಆ ಹಿಡಿತದಲ್ಲೇ ಗೊತ್ತಾಯಿತು, ಉತ್ತರ ಇವರಿಗೆ ಗೊತ್ತಿದೆ. "ಅದೇ, ಅದೇ" ಎಂದರು. ಲೋಟದ ನೀರಿಗೆ ಎಡಗೈ ಬೆರಳು ಅದ್ದಿ ಮೇಜಿನ ಮೇಲೆ ಕಮಾನಿನಂಥ ಒಂದು ಗೆರೆ ಎಳೆದು, ಅದರ ಮೇಲೆ ಅಡ್ಡ ಗೆರೆ ಎಳೆದರು. ನಾನು ಆ ಗೆರೆಯನ್ನು ನೋಡಿದೆ, ಅವರ ಮುಖ ನೋಡಿದೆ. ನೈಲ್ ಎಂದು ಪಿಸುಗುಟ್ಟಿದೆ. ಅಲ್ಲವೆಂದು ತಲೆ ಆಡಿಸಿದರು. ಅಮೆಜಾನ್? ಅಲ್ಲ. ಅವರ ಹಣೆಯಲ್ಲಿ ಬೆವರು. ನನಗೆ ಬೇರೆ ದೊಡ್ಡ ನದಿಗಳ ಹೆಸರೇ ಹೊಳೆಯಲಿಲ್ಲ. ಮೇಷ್ಟ್ರು ತಮ್ಮ ಗಡಿಯಾರ ನೋಡುವುದನ್ನು ಬಿಟ್ಟು ಕಾಯುತ್ತಲೇ ಇದ್ದರು. ಬೇರೆ ತಂಡಗಳೂ ಕಾದವು. ಹಾಗೆ ಎಲ್ಲರೂ ಕಾದದ್ದೇ ಅವರಿಗೆ ಇನ್ನಷ್ಟು ಕಷ್ಟವಾಯಿತೇನೋ. ಮೇಜಿನ ಮೇಲಿನ ನೀರು ಹರಡಿ ಗೆರೆ ಅಳಿಸಿಹೋಯಿತು. ಕೊನೆಗೆ ನಾನು, ಗೊತ್ತಿಲ್ಲ ಸಾರ್ ಎಂದೆ. ಬೇರೆ ಯಾರಿಗೂ ಗೊತ್ತಿರಲಿಲ್ಲ. ಮೇಷ್ಟ್ರು ಮೆಲ್ಲಗೆ, ಕಾಂಗೋ ಎಂದು ಓದಿದರು.

"ಕಾಂಗೋ" ಎಂದರು ಭಾವ. ಸ್ವಚ್ಛವಾಗಿ, ಹಳೆಯ ದನಿಯಲ್ಲಿ.

ಹಾಲ್‌ನಲ್ಲಿದ್ದವರೆಲ್ಲ ಚಪ್ಪಾಳೆ ತಟ್ಟಿದರು. ಮಾಣಿಗಳೂ ತಟ್ಟೆ ಇಳಿಸಿ ತಟ್ಟಿದರು. ಕಲ್ಲುಕ್ವಾರಿಯವರ ಕಣ್ಣು ಒದ್ದೆಯಾಗಿತ್ತು. ನಾನೂ ತಟ್ಟುತ್ತಿದ್ದೆ, ಭಾವನ ಮುಖ ನೋಡುವ ತನಕ. ಮಗು ಮೊದಲ ಹೆಜ್ಜೆ ಇಟ್ಟಾಗ ತಟ್ಟುವ ಚಪ್ಪಾಳೆ ಇದು ಎಂದು ಆ ಮನುಷ್ಯನಿಗೆ ಅರ್ಥವಾಗಿತ್ತು. ಅವರು ಯಾರ ಕಡೆಯೂ ನೋಡದೆ ಕೋಲಿಗೆ ಕೈ ಚಾಚಿದರು. ಊಟಕ್ಕೆ ನಿಲ್ಲಲಿಲ್ಲ. ಆಮೇಲೆ ಅವರು ಅಲ್ಲಿಗೆ ಹೋಗಬೇಕೆಂದು ಕೇಳಲೂ ಇಲ್ಲ.

ಸ್ವಲ್ಪ ಕಾಲದಲ್ಲಿ ರಸ್ತೆಗೆಂದು ರೆಸ್ಟೋರೆಂಟಿನ ಮುಂಭಾಗವನ್ನೇ ಒಡೆದರು. ಮಹಡಿಗೆ ಮೆಟ್ಟಿಲಿಲ್ಲದಾಯಿತು, ಕ್ವಿಜ್ ನಿಂತಿತು. ಭಾವ ಆಮೇಲೂ ಕೆಲವು ವರ್ಷ ಇದ್ದರು. ಬಾ, ಊಟ, ಸಾಕು, ಹೀಗೆ ಒಂದಷ್ಟು ಮಾತು ಬಂದಿತ್ತು. ಎಡಗೈಯಲ್ಲಿ ಹುಳುವಿಗೆ ಸೊಪ್ಪು ಹರಡುವುದನ್ನು ರೂಢಿಸಿಕೊಂಡಿದ್ದರು. ಬೆಳಗಿನ ಪೇಪರನ್ನು ಮಡಿಲಲ್ಲಿ ಹರಡಿಕೊಂಡು ಕೂರುವರು. ಎಷ್ಟು ಓದುತ್ತಿದ್ದರೋ ನಮಗೆ ತಿಳಿಯದು. ಕೇಳಲು ನನಗೆ ಧೈರ್ಯವಿರಲಿಲ್ಲ. ನಾನು ಹೋದರೆ ಪ್ರಶ್ನೆಯಿಲ್ಲದ ಮಾತುಗಳನ್ನೇ ಹುಡುಕಿ ಆಡುತ್ತಿದ್ದೆ. ಹಾಗೆ ಮಾತಾಡುವುದು ಎಷ್ಟು ಕಷ್ಟ ಎಂದು ಆಗಲೇ ತಿಳಿದದ್ದು.

ಕೊನೆಯ ಸಲ ನೋಡಿದ ದಿನ ನಾನು ಹೊರಟು ನಿಂತಾಗ ಅವರು ಕೈಹಿಡಿದು ಕೂರಿಸಿದರು. ಏನೋ ಹೇಳಬೇಕಿತ್ತು. ತೋಟದ ಕಡೆ ತೋರಿಸಿದರು, ಅಕ್ಕನ ಕಡೆ ತೋರಿಸಿದರು, ಮತ್ತೆ ತೋಟದ ಕಡೆ. ನೀರು ಹಾಯಿಸಬೇಕಾ ಎಂದೆ. ಪಂಪ್ ಕೆಟ್ಟಿದೆಯಾ ಎಂದೆ. ಅಕ್ಕನಿಗೆ ಹುಷಾರಿಲ್ಲವಾ, ಕಾರ್ಖಾನೆಯವರು ಜಮೀನು ಕೇಳಲು ಬಂದಿದ್ದರಾ ಎಂದೆ. ಅಕ್ಕನೂ ಬಂದು ತನಗೆ ತೋಚಿದ್ದನ್ನೆಲ್ಲ ಕೇಳಿದಳು. ಯಾವುದಕ್ಕೂ ಹೌದೆನ್ನಲಿಲ್ಲ. ಕೊನೆಗೆ ಭಾವ ಬೇಸರವಿಲ್ಲದೆ, ನಮ್ಮನ್ನೇ ಸಮಾಧಾನ ಮಾಡುವವರಂತೆ ನನ್ನ ಬೆನ್ನು ತಟ್ಟಿ, "ಸಾಕು" ಎಂದರು.

ಆ ತಿಂಗಳೇ ಮತ್ತೊಮ್ಮೆ ಲಕ್ವ ಹೊಡೆದು ತೀರಿಕೊಂಡರು. ಅವರು ಹೇಳಬೇಕೆಂದಿದ್ದದ್ದು ಏನೆಂದು ಅಕ್ಕ ಕೆಲವೊಮ್ಮೆ ಫೋನಿನಲ್ಲಿ ಈಗಲೂ ಕೇಳುತ್ತಾಳೆ. ನನಗೂ ಗೊತ್ತಿಲ್ಲ ಅಕ್ಕ ಎನ್ನುತ್ತೇನೆ.