ಮುನಸೀಫರ ಬಾಯಿ, ಸರ್ಕಾರದ ಹಲಗೆ

ಪೆದ್ದಹರಿವಾಣದ ಸೂಲಗಿತ್ತಿ ಗಾದಿಲಿಂಗಮ್ಮ ಊರಿನಲ್ಲಿ ಯಾರಿಗೂ ಹೆದರುತ್ತಿರಲಿಲ್ಲ. ಮೂವತ್ತರೊಳಗಿನ ಗಂಡಸು ಎಷ್ಟೇ ಮೀಸೆ ತಿರುವಲಿ, ಇವನನ್ನು ಮೊದಲು ಬೆತ್ತಲೆ ನೋಡಿದವಳು ನಾನೇ ಎಂಬ ಸಲಿಗೆ ಅವಳದು. ಅವಳಿಗಿದ್ದದ್ದು ಒಂದೇ ಕಟ್ಟುಪಾಡು: ಹೆರಿಗೆ ಕೋಣೆಯಲ್ಲಿ ಕಿವಿಗೆ ಬಿದ್ದ ಮಾತು ಹೊಸ್ತಿಲು ದಾಟಬಾರದು. ನೋವು ತಿನ್ನುವ ಹೆಣ್ಣು ಏನೇನೋ ಅನ್ನುತ್ತಾಳೆ. ಅದನ್ನು ಹೊರಗೆ ತಂದವಳನ್ನು ಮತ್ತೆ ಯಾರೂ ಒಳಗೆ ಕರೆಯುವುದಿಲ್ಲ.

ಊರಿನ ಜನನ ಮರಣದ ಪುಸ್ತಕ ಇದ್ದದ್ದು ಸರ್ಕಾರದ ಪರವಾಗಿ ಊರು ನೋಡಿಕೊಳ್ಳುವ ಗ್ರಾಮ ಮುನಸೀಫ ಉಚ್ಚೀರಪ್ಪನ ಕೈಯಲ್ಲಿ. ಎರಡನೇ ಮಹಾಯುದ್ಧ ಶುರುವಾಗುವುದಕ್ಕೆ ಹಿಂದಿನ ವರ್ಷ, ಗಂಡ ಬಿಟ್ಟ ಜಯಕ್ಕ ಹೆತ್ತಾಗ, ಅವನು ಗಾದಿಲಿಂಗಮ್ಮನನ್ನು ಚಾವಡಿಗೆ ಕರೆಸಿ ಕೂಸಿನ ತಂದೆ ಯಾರೆಂದು ಕೇಳಿದ. ಪುಸ್ತಕಕ್ಕೆ ಬೇಕಾದ್ದು ಒಂದು ಹೆಸರು. ಅವನ ನಾಲಿಗೆಗೆ ಬೇಕಾದ್ದು ಇನ್ನೂ ಹೆಚ್ಚು.

“ಹಡೆದಾಕಿನ್ನ ಕೇಳ್ರಿ ಮುನಸೀಫರೇ. ನನ್ನ ಕೆಲಸ ಹೊಕ್ಕಳಬಳ್ಳಿ ಕೊಯ್ಯೋದಷ್ಟೇ,” ಎಂದಳು.

ಚಾವಡಿಯಲ್ಲಿದ್ದವರು ನಕ್ಕರು. ನಗಬಾರದಿತ್ತು.

ಮರುದಿನ ತಳವಾರ ಸುಂಕಣ್ಣ ಓಣಿ ಓಣಿಯಲ್ಲಿ ಹಲಗೆ ಬಡಿದು ಡಂಗುರ ಹೊಡೆದ: “ಸರ್ಕಾರದ ಅಪ್ಪಣಿ! ಗಾದಿಲಿಂಗಮ್ಮನ ಕೈ ಕೆಟ್ಟೈತಿ. ಆಕಿ ಮುಟ್ಟಿದ ಕೂಸು ಉಳಿಯಂಗಿಲ್ಲ. ಯಾರೂ ಕರೀಬ್ಯಾಡ್ರಿ!”

ಕಂದಾಯದ ಗಡುವು, ಸಿಡುಬಿಗೆ ದೇವಿ ಹಾಕುವವರು ಬರುವ ದಿನ, ಎಲ್ಲವನ್ನೂ ಜನ ಕೇಳಿದ್ದು ಆ ಹಲಗೆಯಿಂದಲೇ. ಹಲಗೆ ಸುಳ್ಳು ಹೇಳುವುದುಂಟೆಂದು ಯಾರಿಗೂ ಹೊಳೆಯಲಿಲ್ಲ.

ಮೂರು ತಿಂಗಳು ಅವಳ ಬಾಗಿಲಿಗೆ ಒಬ್ಬರೂ ಬರಲಿಲ್ಲ. ಓಣಿಯ ಕೊನೆಯ ಮನೆಯ ಭೀಮಕ್ಕನಿಗೆ ಹೊಟ್ಟೆಯಲ್ಲಿ ಕೂಸು ಅಡ್ಡ ತಿರುಗಿದಾಗಲೂ ಮನೆಯವರು ಗಾಡಿ ಕಟ್ಟಿಕೊಂಡು ಆದವಾನಿ ಆಸ್ಪತ್ರೆಗೆ ಹೊರಟರು. ಗಾಡಿ ಗಾದಿಲಿಂಗಮ್ಮನ ಮನೆಯ ಮುಂದೆಯೇ ಹೋಯಿತು. “ನಾ ತಿರುಗಿಸ್ತೀನಿ, ನಿಲ್ರೋ!” ಎಂದು ಅವಳು ಹಿಂದೆ ಓಡಿದಳು. ಗಾಡಿ ನಿಲ್ಲಲಿಲ್ಲ. ಕೂಸು ದಾರಿಯಲ್ಲೇ ಹೋಯಿತು. ಊರೆಲ್ಲ ತನ್ನ ಕೈ ಕೆಟ್ಟದ್ದೆಂದಾಗ ಅಳದವಳು ಅಂದು ಅತ್ತಳು.

ವರ್ಷದ ಕಂದಾಯದ ಲೆಕ್ಕ ನೋಡುವ ಜಮಾಬಂದಿಗೆ ಬಂದ ಸಬ್ ಕಲೆಕ್ಟರರು ಬೇವಿನ ತೋಪಿನಲ್ಲಿ ಡೇರೆ ಹಾಕಿದಾಗ ಅವಳು ನೇರ ಹೋಗಿ ದೂರು ಹೇಳಿದಳು. ಮುನಸೀಫ ಕೈಕಟ್ಟಿ ನಿಂತ. “ಅದು ನನ್ನ ಸ್ವಂತ ಮಾತು, ದೊರಿ. ನೌಕರಿ ಮಾಡೋನಿಗೆ ಬಾಯಿ ಇರಬಾರದೇನ್ರಿ?”

ಸಾಹೇಬರು ಕಡತ ಬಿಚ್ಚಿದರು. ಡಂಗುರ ಹೊಡೆಸಿದ ಮೇಲೆ ಇಬ್ಬರು ಸಾಕ್ಷಿಗಳ ಹೆಬ್ಬೆಟ್ಟು ಒತ್ತಿಸಿ ತಾಲೂಕಿಗೆ ಕಳಿಸುವುದು ಮುನಸೀಫರ ಪದ್ಧತಿ. ಇಪ್ಪತ್ತು ವರ್ಷದ ರೂಢಿ, ಕೈ ಬಿಡಬೇಕಲ್ಲ! ಉಚ್ಚೀರಪ್ಪ ತನ್ನ ಸ್ವಂತ ಮಾತಿಗೂ ಹೆಬ್ಬೆಟ್ಟು ಒತ್ತಿಸಿ, ಮೊಹರು ಹಾಕಿ ಕಳಿಸಿಬಿಟ್ಟಿದ್ದ. ತಾಲೂಕಿನಲ್ಲಿ ಅದನ್ನು ಓದದೆ ಕಟ್ಟಿಟ್ಟಿದ್ದರು. ಅದೂ ರೂಢಿಯೇ.

“ನಿಮ್ಮ ಮನೆ ಕಟ್ಟೆ ಮೇಲೆ ಕೂತು ಅಂದಿದ್ದರೆ ಈಕೆ ತಿರುಗಿ ಅಂದಿರೋಳು. ಹಲಗೆಗೆ ಈಕೆ ಏನಂತ ಉತ್ತರ ಕೊಡಬೇಕು?” ಎಂದ ಸಾಹೇಬರು, ತಪ್ಪಾಯಿತೆಂದು ಮತ್ತೆ ಡಂಗುರ ಹೊಡೆಸಲು ಅಪ್ಪಣೆ ಬರೆಯಹೊರಟರು.

“ಹಲಗಿ ಬ್ಯಾಡ್ರಿ,” ಎಂದಳು ಗಾದಿಲಿಂಗಮ್ಮ. “ಬಾಯಿ ಐತಿ ಅಂದಾರಲ್ರಿ, ಅದ್ರಲೇ ಮನಿ ಮನಿಗೆ ಹೋಗಿ ಹೇಳ್ಲಿ.”

ಹಾಗೇ ಆಯಿತು. ಮುಂದೆ ಮುನಸೀಫ, ಹಿಂದೆ ಗಾದಿಲಿಂಗಮ್ಮ. “ನಾ ಹೊಡೆಸಿದ್ದು ಸುಳ್ಳು ಡಂಗುರ. ಈಕಿ ಕೈ ಚಲೋ ಐತಿ.” ಇಪ್ಪತ್ತು ಮನೆಯಾಗುವಷ್ಟರಲ್ಲಿ ಹೇಳಿ ಹೇಳಿ ಅವನ ಗಂಟಲು ಕಟ್ಟಿತು. ಜಯಕ್ಕನೇ ನೀರು ಕೊಟ್ಟಳು. ಗಾದಿಲಿಂಗಮ್ಮನಿಗೆ ಒಳಗೊಳಗೇ ಹಿಗ್ಗು. ಇರಲಿಲ್ಲವೆಂದರೆ ಸುಳ್ಳಾದೀತು.

ಭೀಮಕ್ಕ ಅಂಗಳದಲ್ಲಿ ಜೋಳ ಕೇರುತ್ತಿದ್ದಳು. ಮುನಸೀಫ ಅದೇ ಮಾತು ಒಪ್ಪಿಸಿದ. ಅವಳ ಕೈ ನಿಂತಿತು. ಅವನನ್ನು ಬಿಟ್ಟು ಗಾದಿಲಿಂಗಮ್ಮನನ್ನು ನೋಡಿದಳು.

“ಹಂಗಾದ್ರ ಅವತ್ತು ಗಾಡಿ ನಿಲ್ಲಿಸಿದ್ರ ನನ್ನ ಕೂಸು ಉಳೀತಿತ್ತೇನಬೇ?”

ಗಾದಿಲಿಂಗಮ್ಮನ ಹಿಗ್ಗು ಅಲ್ಲೇ ಇಂಗಿತು. ಅಂಥ ಎಷ್ಟೋ ಕೂಸುಗಳನ್ನು ಅವಳು ತಿರುಗಿಸಿದ್ದಳು.

“ಇಲ್ಲವ್ವಾ, ಉಳೀತಿದ್ದಿಲ್ಲ,” ಎಂದು ಸುಳ್ಳು ಹೇಳಿದಳು.

ಪಕ್ಕದಲ್ಲಿ ಮುನಸೀಫ ನಿರಾಳವಾಗಿ ಉಸಿರು ಬಿಟ್ಟ. ಡಂಗುರವನ್ನಾದರೂ ಅವಳು ಮರೆತಳು, ಆ ಉಸಿರನ್ನು ಸಾಯುವ ತನಕ ಕ್ಷಮಿಸಲಿಲ್ಲ.